ಹನ್ನೊಂದು ಎಣಿಸುವಷ್ಟರಲ್ಲಿ ಮುಳುಗಿದ ನೊಣ

ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ ಎನ್ನುತ್ತಾರೆ. ನಾವು ನೊಣ ಕಟ್ಟುತ್ತಿದ್ದೆವು. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ತಗಡಿನ ಸೂರಿನ ಒಂದು ಶೆಡ್ಡು, ಇಪ್ಪತ್ತು ಟೇಬಲ್ಲು, ಇಪ್ಪತ್ತು ಹೆಂಗಸರು, ಅವರ ಮೇಲೆ ಸೂಪರ್‌ವೈಸರ್ ಆಗಿ ನಾನು. ಭತ್ತದ ಕಾಳಿನಷ್ಟು ಉದ್ದದ ಕೊಕ್ಕೆಯನ್ನು ಇಕ್ಕಳಕ್ಕೆ ಸಿಕ್ಕಿಸಿ, ದಾರ ಸುತ್ತಿ, ಹುಂಜದ ಕತ್ತಿನ ಗರಿಯನ್ನು ಅದರ ಮೇಲೆ ಐದು ಸುತ್ತು ತಂದು ಗಂಟು ಹಾಕಿದರೆ ಒಂದು ನೊಣ. ವಿದೇಶದ ಜನ ಇದನ್ನು ಗಾಳದ ದಾರದ ತುದಿಗೆ ಕಟ್ಟಿ ಕೆರೆಯ ಮೇಲೆ ಬೀಸುತ್ತಾರೆ. ತೇಲುವ ಹುಳವೆಂದು ನಂಬಿ ಮೀನು ಬಾಯಿ ಹಾಕುತ್ತದೆ. ಒಂಬತ್ತು ವರ್ಷ ಕಟ್ಟಿದ್ದರೂ ನಮ್ಮಲ್ಲಿ ಒಬ್ಬಳೂ ಆ ನೊಣವನ್ನು ನೀರಿನ ಮೇಲೆ ನೋಡಿರಲಿಲ್ಲ.

ಶಿವರಾತ್ರಿಗೆ ಇನ್ನೂ ಹತ್ತು ದಿನ ಇತ್ತು. ಒಂದು ಬೆಳಗ್ಗೆ ಮೂರು ರಟ್ಟಿನ ಪೆಟ್ಟಿಗೆ ವಾಪಸ್ಸು ಬಂದವು. ಎಲ್ಲವೂ ಕಂದು ನೊಣ. ಜೊತೆಗೆ ಒಂದು ಸಾಲಿನ ದೂರು: ತೇಲುವುದಿಲ್ಲ. ಅವರ ಕಡೆ ಹಿಮ ಕರಗಿ, ಕೆರೆಗಳಲ್ಲಿ ಮೀನು ಹಿಡಿಯಲು ಅನುಮತಿ ಸಿಗುವುದು ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಸರಿಯಾದ ಮಾಲು ಅಂಗಡಿ ಸೇರದಿದ್ದರೆ ಆ ವರ್ಷ ಮುಗಿದಂತೆ.

ಮಾರನೆಯ ದಿನ ಏಜೆಂಟ್ ಬಂದರು. ವೈಟ್‌ಫೀಲ್ಡ್‌ನಲ್ಲಿ ಕಚೇರಿ ಇಟ್ಟುಕೊಂಡು, ನಮ್ಮಂಥ ಶೆಡ್ಡುಗಳಿಂದ ಮಾಲು ಕೊಂಡು ಹೊರಗೆ ಕಳಿಸುವವರು. ನೀಲಗಿರಿಯಲ್ಲಿ ಹತ್ತಾರು ವರ್ಷ ಗಾಳ ಹಾಕಿದ್ದಾರೆಂಬ ಜಂಬ ಅವರ ಟೋಪಿಯಲ್ಲೇ ಕಾಣುತ್ತಿತ್ತು. ಟೋಪಿಯ ಸುತ್ತ ನೊಣಗಳನ್ನು ಚುಚ್ಚಿಕೊಂಡಿದ್ದರು, ಒಂದೂ ನಮ್ಮದಲ್ಲ. ನಮ್ಮ ಮಾಲೀಕರ ಕುರ್ಚಿಯಲ್ಲಿ ಕೂತು ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಇದನ್ನ ಯಾರು ಕಟ್ಟಿದ್ದು?"

ನಮ್ಮಲ್ಲಿ ಒಂದೊಂದು ಬಗೆಯನ್ನು ಒಬ್ಬೊಬ್ಬಳೇ ಕಟ್ಟುತ್ತಾಳೆ. ಡಬ್ಬಿಯ ತಳದಲ್ಲಿ ಟೇಬಲ್ ನಂಬರಿನ ಚೀಟಿ ಇರುತ್ತದೆ. ಕಂದು ನೊಣ ಪೂರ್ತಿ ಹದಿನಾಲ್ಕನೇ ಟೇಬಲ್ಲಿನವಳದು.

ಅವಳ ಬಗ್ಗೆ ಹೇಳಬೇಕು. ಶೆಡ್ಡಿನಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ, ಅವಳಂಥ ಬಾಯಿಯೂ ಇರಲಿಲ್ಲ. ಆನೇಕಲ್ ಕಡೆಯವಳು, ಐವತ್ತರ ಹತ್ತಿರ. ಎರಡು ವರ್ಷದ ಹಿಂದೆ ಸೂಪರ್‌ವೈಸರ್ ಕೆಲಸ ಅವಳಿಗೆ ಸಿಗಬೇಕಿತ್ತು. ಇಂಗ್ಲಿಷ್ ಅಕ್ಷರ ಓದಲು ಬರುತ್ತದೆಂದು ನನಗೆ ಕೊಟ್ಟರು. ಅಂದಿನಿಂದ ಅವಳು ನನ್ನನ್ನು ಸೂಪರ್‌ವೈಸರಮ್ಮ ಎಂದು ಎಳೆದು ಕರೆಯುತ್ತಿದ್ದಳು. ನಾನು ಅವಳನ್ನು ನಂಬರಿನಿಂದಲೇ ಕರೆಯುತ್ತಿದ್ದೆ. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಮುಚ್ಚಿಡುವುದೇನಿದೆ.

ಏಜೆಂಟ್ ಚೀಲದಿಂದ ಒಂದು ಫಾರಂ ತೆಗೆದರು. ತಪ್ಪು ಏನು, ಕಾರಣ ಏನು, ಯಾರ ಹೊಣೆ, ಏನು ಕ್ರಮ ತೆಗೆದುಕೊಂಡಿರಿ ಎಂದು ನಾಲ್ಕು ಮನೆ. ಕೆಳಗೆ ಸೂಪರ್‌ವೈಸರ್ ಸಹಿ.

"ಕ್ಲೈಂಟ್‌ಗೆ ಆ್ಯಕ್ಷನ್ ಬೇಕು. ಸುತ್ತು ಸಡಿಲ ಬಿಟ್ಟಿದ್ದಾಳೆ, ವಯಸ್ಸಾಗಿದೆ, ಕಣ್ಣು ಕಾಣಲ್ಲ. ಅವಳನ್ನ ತೆಗೆದುಬಿಟ್ಟಿದ್ದೀವಿ ಅಂತ ಬರೆದು ಕಳಿಸಿ. ಬೇರೆ ಕೈಲಿ ಕಟ್ಸಿ."

ಮಾಲೀಕರು ಪೀಣ್ಯದಲ್ಲಿ ಟೂಲ್‌ರೂಮಿನಲ್ಲಿ ದುಡಿದು ಮೇಲೆ ಬಂದವರು. ಯಂತ್ರದ ಜೊತೆ ಜಗಳವಾಡಬಲ್ಲರು, ಮನುಷ್ಯರ ಜೊತೆ ಆಗುವುದಿಲ್ಲ. "ಅಡ್ಜಸ್ಟ್ ಮಾಡ್ಕೊಳಮ್ಮ" ಎನ್ನುವ ಮುಖದಿಂದ ನನ್ನ ಕಡೆ ನೋಡಿದರು. ಹದಿನಾಲ್ಕರವಳನ್ನು ತೆಗೆದರೆ ಅವಳಿಗೆ ಬೇರೆ ಗತಿಯಿಲ್ಲ, ಗಾರ್ಮೆಂಟ್ಸಿನವರು ಆ ವಯಸ್ಸಿನವರನ್ನು ಗೇಟಿನ ಒಳಗೇ ಬಿಡುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ನಾನು ಬಾಯಿಬಿಟ್ಟದ್ದು ಅವಳ ಮೇಲಿನ ಕನಿಕರಕ್ಕಲ್ಲ. ಅವಳ ಸುತ್ತು ಸಡಿಲ ಎಂದದ್ದು ನನ್ನ ಕಣ್ಣಿಗೆ ಬೈದಂತಾಯಿತು. ಪ್ರತಿ ಡಬ್ಬಿಯನ್ನೂ ಭೂತಗನ್ನಡಿಯಡಿ ನೋಡಿ ಪಾಸು ಮಾಡಿದವಳು ನಾನು.

"ಸಾರ್, ಸುತ್ತು ಸರಿಯಾಗಿದೆ. ನೀರಲ್ಲಿ ಹಾಕಿ ನೋಡದೆ ನಾನು ಸಹಿ ಹಾಕಲ್ಲ."

"ನೀನೇನು ಗಾಳ ಹಾಕ್ತೀಯೇನಮ್ಮ?"

"ನೀವು ಹಾಕಿ ಸಾರ್. ನಾನು ಎಣಿಸ್ತೀನಿ."

ಅವರು ನಕ್ಕರು. ನಗು ನನಗೆ ಹಿಡಿಸಲಿಲ್ಲ, ಆದರೆ ಕೆರೆಗೆ ಬರಲು ಒಪ್ಪಿದರು.

ಶೆಡ್ಡಿನಿಂದ ಎರಡು ಮೈಲಿ ದೂರದಲ್ಲಿ ಒಂದು ಕೆರೆ. ಕಾರ್ತೀಕದ ಮಳೆಗೆ ಕೋಡಿ ಬಿದ್ದಿತ್ತು. ಅದರ ಮೀನು ಹಿಡಿಯುವ ಹಕ್ಕು ಕೆರೆಯಂಚಿನ ಊರಿನ ಹಳೇ ಮನೆತನದ ಒಬ್ಬರ ಕೈಯಲ್ಲಿತ್ತು, ಅವರದೇ ತೆಪ್ಪ. ಮೂರನೆಯ ದಿನ ಬೆಳಗ್ಗೆ ಆರೂವರೆಗೆ ನಾವು ಏರಿಯ ಮೇಲೆ ನಿಂತಾಗ ಅವರು ನಮ್ಮನ್ನು ಕಳ್ಳರನ್ನು ನೋಡುವಂತೆ ನೋಡಿದರು.

"ಮರಿ ಬಿಟ್ಟು ಮೂರು ತಿಂಗ್ಳಾಗಿಲ್ಲ. ಬಲೆ ಇನ್ನೂ ನೀರಿಗಿಳ್ದಿಲ್ಲ. ಮೊದ್ಲು ಗಂಗಮ್ಮನ ಪೂಜೆ ಆಗ್ಬೇಕು, ಆಮೇಲೆ ಬಲೆ. ಅದ್ಕೂ ಮುಂಚೆ ಕೆರೆಯಿಂದ ಒಂದು ಮೀನೂ ಆಚೀಗೆ ಓಗಂಗಿಲ್ಲ. ಸಿಕ್ರೆ ಅಂಗೇ ಬಿಟ್ಬಿಡ್ಬೇಕು."

"ನಾವು ಯಾವಾಗಲೂ ಬಿಡೋದೇ, ಇದು ಸ್ಪೋರ್ಟು" ಎಂದರು ಏಜೆಂಟ್.

"ಇಡ್ದು ಬಿಡಾಕೆ ಇಷ್ಟ್ ದೂರ ಬಂದ್ರಾ?" ಎಂದು ತೆಪ್ಪದವರು ಉಗುಳಿದರು. ಒಂದೊಂದು ಕೊಕ್ಕೆಯನ್ನೂ ಕೈಯಲ್ಲಿ ಹಿಡಿದು ನೋಡಿ, ಅದರ ಒಳಮುಳ್ಳನ್ನು ಇಕ್ಕಳದಿಂದ ಅಮುಕಿಸಿದ ಮೇಲೆಯೇ ತೆಪ್ಪವನ್ನು ನೀರಿಗೆ ನೂಕಿದ್ದು.

ಮಾಲೀಕರು ಏರಿಯ ಮೇಲೇ ಉಳಿದರು, ಅವರಿಗೆ ಈಜು ಬರುವುದಿಲ್ಲ. ನನಗೂ ಬರುವುದಿಲ್ಲ, ನನ್ನನ್ನು ಯಾರೂ ಕೇಳಲಿಲ್ಲ. ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ತೆಪ್ಪದಲ್ಲಿ ಮೂವರು ಕೂತೆವು. ಏಜೆಂಟ್ ಎದ್ದು ನಿಂತು ಗಾಳದ ಕೋಲು ಬೀಸಲು ನೋಡಿದರು. ತೆಪ್ಪ ಬುಗುರಿಯ ಹಾಗೆ ತಿರುಗಿತು. ಮೊದಲ ಬೀಸಿಗೆ ದಾರ ನನ್ನ ಕುತ್ತಿಗೆಗೆ ಸುತ್ತಿತು, ಎರಡನೆಯದಕ್ಕೆ ಕೊಕ್ಕೆ ಬಂದು ನನ್ನ ಸ್ವೆಟರಿನ ತೋಳಿಗೆ ಸಿಕ್ಕಿತು.

"ತಲೆ ತಗ್ಗಿಸಮ್ಮ."

"ತಗ್ಗಿಸೇ ಇದ್ದೀನಿ ಸಾರ್. ನೀವು ಕೂತ್ಕೊಂಡು ಬೀಸಿ."

"ಕೂತು ಬೀಸೋದು ಹೇಗೆ ಅಂತ ನೀನು ಕಲಿಸ್ತೀಯಾ?"

ತೆಪ್ಪದವರು ಹುಟ್ಟನ್ನು ಒಂದು ಸಲ ಒತ್ತಿದರು. ತೆಪ್ಪ ವಾಲಿತು, ಏಜೆಂಟ್ ತಾವಾಗಿಯೇ ಕೂತರು. ಆಮೇಲೆ ಕೆಲಸ ಶುರುವಾಯಿತು.

ನಮ್ಮ ಲೆಕ್ಕ ಹೀಗಿತ್ತು. ಎಣ್ಣೆ, ಮೇಣ ಯಾವುದನ್ನೂ ಸವರದ ಒಣ ನೊಣ ನೀರಿಗೆ ಬಿದ್ದ ಮೇಲೆ ಮೂವತ್ತು ಎಣಿಸುವವರೆಗೆ ತೇಲಬೇಕು. ಮೊದಲು ದಸರಾಕ್ಕೆ ಮುಂಚೆ ಕಟ್ಟಿ ಮಾದರಿಗೆಂದು ಇಟ್ಟಿದ್ದ ಹಳೇ ಕಂದು ನೊಣ. ಅದೂ ಹದಿನಾಲ್ಕರವಳೇ ಕಟ್ಟಿದ್ದು. ಬಿತ್ತು, ಗರಿಯ ತುದಿಗಳ ಮೇಲೆ ಕಾಲೂರಿ ನಿಂತಿತು. ಮೂವತ್ತು ದಾಟಿ ನಲವತ್ತಾದರೂ ನಿಂತೇ ಇತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಮ್ಮ ನೊಣ ನೀರಿನ ಮೇಲೆ ಕೂತದ್ದನ್ನು ಕಂಡೆ. ಅಷ್ಟು ಜಗಳದ ನಡುವೆಯೂ ಖುಷಿಯಾಯಿತು.

ಆಮೇಲೆ ವಾಪಸ್ಸು ಬಂದ ಮಾಲು. ಒಂದು ಹನ್ನೊಂದಕ್ಕೆ ಮುಳುಗಿತು. ಇನ್ನೊಂದು ಒಂಬತ್ತಕ್ಕೆ. ಇನ್ನೊಂದು ಮತ್ತೆ ಹನ್ನೊಂದಕ್ಕೆ. ಮೂರೂ ಪೆಟ್ಟಿಗೆಯಿಂದ ಹೆಕ್ಕಿ ಹೆಕ್ಕಿ ಕೊಟ್ಟೆ. ಮೀನುಗಳು ಅಲ್ಲಲ್ಲಿ ಬಾಯಿ ತೆರೆದು ನೀರನ್ನು ಕಲಕುತ್ತಿದ್ದವು, ನಮ್ಮ ನೊಣದ ಗೊಡವೆಗೆ ಬರಲಿಲ್ಲ.

"ನೋಡಿದೆಯಾ? ಸಡಿಲ" ಎಂದರು ಏಜೆಂಟ್.

ನಾನು ಒಂದನ್ನು ಒದ್ದೆಯಾಗಿಯೇ ಬೆರಳಲ್ಲಿ ಹಿಡಿದು ಸೂಜಿಯಿಂದ ಸುತ್ತು ಬಿಡಿಸಿದೆ. ಐದು ಸುತ್ತು. ಬಿಗಿಯಾಗಿ, ಒಂದರ ಪಕ್ಕ ಒಂದು. ಕಟ್ಟಿದ ಕೈ ಒಂದೇ, ಸುತ್ತು ಅಷ್ಟೇ, ಆದರೂ ಹಳೆಯದು ತೇಲುತ್ತದೆ, ಹೊಸದು ಮುಳುಗುತ್ತದೆ. ಏಜೆಂಟ್ ತೆಪ್ಪದವರ ಕಡೆ ತಿರುಗಿದರು.

"ಈ ಕೆರೆಗೆ ಫ್ಯಾಕ್ಟರಿ ನೀರು ಸೇರುತ್ತಾ? ಅಲ್ಲಿ ಅಂಚಲ್ಲಿ ನೊರೆ ಇದೆಯಲ್ಲ."

ತೆಪ್ಪದವರ ಮುಖ ಕೆಂಪಾಯಿತು. "ಅದು ಗಾಳೀಗ್ ಸೇರಿರೋ ಕಸ. ನೊರೆ ಬೇಕಾದ್ರೆ ನಿಮ್ ಕಡೆ ಕೆರೆಗೋಗಿ ನೋಡ್ರಿ, ಬೇಕಾದಷ್ಟೈತೆ. ನಾವು ಈ ನೀರ್ ಕಾಯ್ಕೊಂಡು ಬಂದಿರೋದು ಮೂರು ತಲೆಮಾರು."

ಕೆರೆಯದೇ ತಪ್ಪಾದರೆ ಒಳ್ಳೆಯದಿತ್ತು ಎಂದು ನನಗೂ ಅನ್ನಿಸಿತು. ನೋಡೇಬಿಡೋಣ ಎಂದು ಮನೆಯಿಂದ ತಂದಿದ್ದ ಕುಡಿಯುವ ನೀರನ್ನು ಬಾಟಲಿನ ಮುಚ್ಚಳಕ್ಕೆ ಬಗ್ಗಿಸಿ, ಹೊಸದೊಂದು ನೊಣವನ್ನು ಅದರಲ್ಲಿ ಹಾಕಿ ಸೂಜಿಯಿಂದ ಅಲ್ಲಾಡಿಸಿದೆ. ನೀರಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಇನ್ನೂ ಅಲ್ಲಾಡಿಸಿದೆ. ಬೆಳ್ಳಗೆ ನೊರೆ ಕಟ್ಟಿತು.

ಆ ನೊರೆ ನನಗೆ ಗೊತ್ತು. ಮದುವೆ ಮುಗಿಸಿ ಬಂದ ಮೇಲೆ ರೇಷ್ಮೆ ಸೀರೆ ಅದ್ದಿದ ಬಕೆಟ್ಟಿನಲ್ಲಿ ಏಳುವ ನೊರೆ. ಅಂಟುವಾಳದ ನೊರೆ.

ದಸರಾ ಆದ ಮೇಲೆ ಮಾಲೀಕರು ಕಂದು ನೊಣಕ್ಕೆ ಮಾತ್ರ ಹೊರದೇಶದ ಗರಿ ನಿಲ್ಲಿಸಿ, ಕೋಲಾರದ ಕಡೆಯಿಂದ ಹುಂಜದ ಗರಿ ತರಿಸಲು ಶುರು ಮಾಡಿದ್ದರು. ಅದು ರಕ್ತ, ಜಿಡ್ಡು ಮೆತ್ತಿಕೊಂಡು ಬರುತ್ತಿತ್ತು. ಸೋಪಿನ ಪುಡಿಯಲ್ಲಿ ತೊಳೆದರೆ ಕಂದು ಬಣ್ಣ ಬಿಡುತ್ತಿತ್ತು. ನಮ್ಮಮ್ಮ ಅರವತ್ತು ವರ್ಷದ ಸೀರೆಯನ್ನು ಅಂಟುವಾಳದಲ್ಲಿ ಅದ್ದಿಯೇ ಹೊಸದರ ಹಾಗೆ ಇಟ್ಟಿದ್ದಳು. ಆ ಬುದ್ಧಿಯನ್ನು ಶೆಡ್ಡಿಗೆ ತಂದವಳು ನಾನು. ಕಾಯಿ ನೆನೆಸಿ, ಕಿವುಚಿ, ಆ ನೀರಲ್ಲಿ ಗರಿ ಅದ್ದಿ, ಸೀರೆಗೆ ಮಾಡುವ ಹಾಗೆ ಒಂದೇ ಸಲ ತಣ್ಣೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದೆ. ಗರಿ ಮಿಂಚಿತು. ಮಾಲೀಕರು ಎಲ್ಲರೆದುರು ನನ್ನನ್ನು ಹೊಗಳಿದರು. ಸೀರೆಯೇನು ನೀರಿನ ಮೇಲೆ ತೇಲಬೇಕೇ? ನೊಣ ತೇಲಬೇಕು. ಗರಿಯಲ್ಲೇ ಉಳಿದ ಅಂಟುವಾಳ ನೀರನ್ನು ಕರೆದು ಕರೆದು ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಇನ್ನೊಂದು ಮಾತೂ ನೆನಪಾಯಿತು. ನೊಣ ಕಟ್ಟುವಾಗ ಗರಿಯ ಎಳೆಗಳನ್ನು ಹಿಂದಕ್ಕೆ ಸವರಲು ತುಟಿಗೆ ತಾಗಿಸಿ ಎಂಜಲು ಮಾಡಿಕೊಳ್ಳುವುದು ಹದಿನಾಲ್ಕರವಳ ಅಭ್ಯಾಸ. ದೀಪಾವಳಿಯ ಹೊತ್ತಿಗೆ ಅವಳು ನನ್ನ ಟೇಬಲ್ಲಿಗೆ ಬಂದು, "ಈ ಗರಿ ಕಹಿ ಬರ್ತೈತೆ" ಎಂದಿದ್ದಳು. ನಾನು ತಲೆಯೆತ್ತಲಿಲ್ಲ. "ಗರಿ ತಿನ್ನೋಕೆ ಕೊಟ್ಟಿಲ್ಲ, ಕಟ್ಟೋಕೆ ಕೊಟ್ಟಿರೋದು" ಎಂದೆ. ಸುತ್ತ ಕೂತವರು ನಕ್ಕರು. ನಗಿಸಬೇಕೆಂದೇ ಹೇಳಿದ್ದೆ.

ಏಜೆಂಟ್ ಬೆನ್ನು ಹಾಕಿಕೊಂಡು ದಾರದ ಗಂಟು ಬಿಡಿಸುತ್ತಿದ್ದರು. ನಾನು ಮುಚ್ಚಳವನ್ನು ತೆಪ್ಪದ ಅಂಚಿನಾಚೆ ಬಗ್ಗಿಸಿ ನೊರೆ ಚೆಲ್ಲಿಬಿಟ್ಟೆ. ತಲೆಯೆತ್ತಿದರೆ ತೆಪ್ಪದವರು ನನ್ನನ್ನೇ ನೋಡುತ್ತಿದ್ದರು.

ದಡ ಮುಟ್ಟಿ, ಏಜೆಂಟ್ ಏರಿ ಹತ್ತಿ ಮಾಲೀಕರ ಜೊತೆ ಮಾತಿಗೆ ನಿಂತ ಮೇಲೆ, ತೆಪ್ಪದವರು ತೆಪ್ಪವನ್ನು ಬೋರಲು ಹಾಕುತ್ತಾ ಕೇಳಿದರು.

"ನೊರೆ ನಮ್ ಕೆರೇದಾ ಕಣಮ್ಮ?"

"ಅಲ್ಲಣ್ಣ."

"ಮತ್ತೆ ಆಯಪ್ಪ ಅಂದಾಗ ಸುಮ್ಕಿದ್ಯಲ್ಲ."

ಚಪ್ಪಲಿ ಮೆಟ್ಟಿಕೊಂಡು ಏರಿ ಹತ್ತಿದೆ.

ಶೆಡ್ಡಿಗೆ ಬಂದಾಗ ಎಂಟೂವರೆ. ಹೆಂಗಸರು ಆಗತಾನೆ ಕೂತಿದ್ದರು. ನಾನು ಮಾಲೀಕರ ಕೋಣೆಗೆ ಹೋಗುವಷ್ಟರಲ್ಲಿ ಏಜೆಂಟ್ ಫಾರಂ ತುಂಬಿ ಇಟ್ಟಿದ್ದರು. ಕಾರಣ: ಸುತ್ತು ಸಡಿಲ. ಹೊಣೆ: ಟೇಬಲ್ ಹದಿನಾಲ್ಕು. ಕ್ರಮ: ಕೆಲಸದಿಂದ ತೆಗೆಯಲಾಗಿದೆ. ಅವಳನ್ನೂ ಒಳಗೆ ಕರೆಸಿದ್ದರು. ಬಾಗಿಲ ಪಕ್ಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಹೆದರಿದ ಹಾಗೆ ಕಾಣಲಿಲ್ಲ. ಆದರೆ ಕೈಬೆರಳುಗಳು ಇಲ್ಲದ ದಾರವನ್ನು ಹೊಸೆಯುತ್ತಿದ್ದವು.

"ನನ್ ಸುತ್ತು ಸಡ್ಲ ಅಂತ ಯಾರು ಏಳಿದ್ದು?" ಎಂದಳು. ಏಜೆಂಟರ ಮುಖ ನೋಡಲಿಲ್ಲ, ನನ್ನ ಮುಖ ನೋಡಿ ಕೇಳಿದಳು. "ನೀವಾ ಸೂಪರ್‌ವೈಸರಮ್ಮ?"

ಏಜೆಂಟ್ ಪೆನ್ನಿನ ಕ್ಯಾಪು ತೆಗೆದು ನನ್ನ ಕೈಗೆ ಕೊಟ್ಟರು. "ಸೈನ್ ಮಾಡಮ್ಮ, ನನಗೆ ಟೈಮಿಲ್ಲ."

ಸಹಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದಿನ ಸಲ ಗರಿಯನ್ನು ನಾನೇ ಹತ್ತು ನೀರಲ್ಲಿ ಜಾಲಾಡಿಸಿ, ಬೇರೆಯವಳ ಕೈಯಲ್ಲಿ ಕಟ್ಟಿಸಿದ್ದರೆ ನೊಣ ತೇಲುತ್ತಿತ್ತು. ತಪ್ಪು ಹದಿನಾಲ್ಕರವಳದೇ ಎಂದು ಮತ್ತೂ ಗಟ್ಟಿಯಾಗುತ್ತಿತ್ತು. ಅಷ್ಟು ದೂರ ಯೋಚಿಸಿದ್ದೆ, ಸುಳ್ಳು ಹೇಳಲಾರೆ. ಕೆರೆಯಿಂದ ಶೆಡ್ಡಿಗೆ ಬರುವ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದ್ದೆ. ಅವಳು ಬೇಡಿಕೊಂಡಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಬೇಡಲಿಲ್ಲ. ಹೇಳಿದ್ದು ಯಾರು ಎಂದು ಕೇಳಿದಳು ಅಷ್ಟೆ, ಅದಕ್ಕೆ ಸರಿಯಾದ ಉತ್ತರ ಇತ್ತು, ಅದು ನನ್ನೊಬ್ಬಳ ಹತ್ತಿರ ಮಾತ್ರ ಇತ್ತು.

ಮೇಜಿನ ಮೇಲಿದ್ದ ಗಾಜಿನ ಲೋಟದ ನೀರಿಗೆ ಒಂದು ನೊಣ ಹಾಕಿ ಚಮಚದಿಂದ ಕಲಕಿದೆ. ನೊರೆ ಬಂತು. ಲೋಟವನ್ನು ಮಾಲೀಕರ ಕಡೆ ತಳ್ಳಿದೆ.

"ಸಾರ್, ಇದು ಅಂಟುವಾಳ. ಗರಿ ತೊಳೆದಿದ್ದು ನಾನು, ಸರಿಯಾಗಿ ಜಾಲಾಡಿಸಲಿಲ್ಲ. ಇವಳು ಆಗಲೇ ಕಹಿ ಇದೆ ಅಂದಿದ್ಲು, ನಾನೇ ಬೈದು ಕಳಿಸಿದೆ."

ಫಾರಂನಲ್ಲಿ ಟೇಬಲ್ ಹದಿನಾಲ್ಕು ಎಂದಿದ್ದ ಕಡೆ ಗೀಟು ಎಳೆದು ನನ್ನ ಹೆಸರು ಬರೆದೆ. ಇಂಗ್ಲಿಷ್ ಅಕ್ಷರದಲ್ಲೇ ಬರೆದೆ, ಆ ಅಕ್ಷರಕ್ಕಾಗಿಯೇ ತಾನೇ ಕೆಲಸ ಕೊಟ್ಟಿದ್ದು.

ಮಾಲೀಕರು ಕೂತಲ್ಲೇ ಕೂತಿದ್ದರು. ಏಜೆಂಟ್ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಗರೀನ ಸೀರೆ ಒಗೆದ ಹಾಗೆ ಒಗೆದಿದ್ದೀಯಲ್ಲಮ್ಮ" ಎಂದರು. "ಯಾರ ಹೆಸರಾದರೂ ಬರ್ಕೊಳಿ. ಈ ಮಾಲು ಇನ್ನು ಕಸ. ಐದು ದಿನದಲ್ಲಿ ತೇಲೋ ನೊಣ ಕೊಡಿ, ಇಲ್ಲಾಂದ್ರೆ ಆರ್ಡರ್ ಬೇರೆ ಕಡೆ."

ಅವರು ಹೋದ ಮೇಲೆ ಹದಿನಾಲ್ಕರವಳು ಮತ್ತೆ ಬಾಯಿಬಿಟ್ಟಳು. ನನಗೆ ಥ್ಯಾಂಕ್ಸ್ ಹೇಳಲಿಲ್ಲ. "ಕಸ ಯಾಕ್ ಮಾಡ್ತೀರಾ? ಕಟ್ಟಿರೋದ್ನ ಮತ್ತೆ ತೊಳೀರಿ" ಎಂದಳು, ಮಾಲೀಕರಿಗೆ.

ತೊಳೆದರೆ ಗರಿ ಮುದುರಿಕೊಳ್ಳುತ್ತದೆ. ಅದನ್ನೂ ಅವಳೇ ದಾರಿಗೆ ತಂದಳು. ನೊಣಗಳನ್ನು ಬಟ್ಟೆಯಲ್ಲಿ ಕಟ್ಟಿ ಬೆಚ್ಚನೆಯ ನೀರಲ್ಲಿ ಎಂಟು ಸಲ ಜಾಲಾಡಿಸಿ, ಒಣಗಿಸಿ, ಒಂದು ಸುತ್ತು ಆವಿ ಹಿಡಿಸಬೇಕು. ಮನೆಯಿಂದ ಇಡ್ಲಿ ಪಾತ್ರೆ ತಂದು ತಟ್ಟೆಯ ಗುಳಿಗಳಲ್ಲಿ ನೊಣ ಹರಡಿ ಮುಚ್ಚಳ ಹಾಕಿದಳು. ಹತ್ತು ಎಣಿಸಿ ತೆಗೆದರೆ ಗರಿಯ ಎಳೆಗಳು ಒಂದೊಂದೂ ನೆಟ್ಟಗೆ ನಿಂತಿದ್ದವು. ಮೂರು ದಿನ ಶೆಡ್ಡು ಪೂರ್ತಿ ಹಬೆ. ಪ್ರತಿ ನೀರಿನ ಕೊನೆಗೂ ಲೋಟದಲ್ಲಿ ಕಲಕಿ ನೊರೆ ನೋಡುವ ಕೆಲಸ ನನ್ನದು. ಆ ಮೂರು ದಿನವೂ ನಾವಿಬ್ಬರು ಒಂದೇ ಒಲೆಯ ಎರಡು ಕಡೆ ನಿಂತಿದ್ದೆವು. ಪಾತ್ರೆ, ಬಟ್ಟೆ, ನೀರು ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಐದನೆಯ ದಿನ ಮತ್ತೆ ಕೆರೆ. ಕಟ್ಟಿದವಳೂ ಬರಲಿ ಎಂದು ನಾನು ಹಟ ಹಿಡಿದೆ. ತೆಪ್ಪದಲ್ಲಿ ನಾಲ್ವರಿಗೆ ಜಾಗವಿಲ್ಲ ಎಂದರು ಏಜೆಂಟ್.

"ಹಾಗಾದ್ರೆ ನಾನು ದಡದಲ್ಲೇ ಇರ್ತೀನಿ, ಸಾರ್. ಅವಳು ಕೂತ್ಕೊಳ್ಳಲಿ."

ಎಣಿಸುವವಳು ಅವಳೇ ಆದಳು, ನಾನು ಮಾಲೀಕರ ಜೊತೆ ಏರಿಯ ಮೇಲೆ ನಿಂತೆ. ಆದರೆ ತೆಪ್ಪದ ಹತ್ತಿರ ಹೋಗಿ ಒಂದು ಮಾತು ಹೇಳುವುದಿತ್ತು, ಹೇಳಿದೆ.

"ಅಣ್ಣ, ಅವತ್ತಿನ ನೊರೆ ನಮ್ಮದು. ಇವರಿಗೂ ಹೇಳಿದ್ದೀನಿ."

"ನಂಗೊತ್ತಿತ್ತಲ್ಲ" ಎಂದು ಅವರು ಹುಟ್ಟು ಒತ್ತಿದರು. ಮುಖ ಏನೂ ಸಡಿಲವಾಗಲಿಲ್ಲ.

ದಡಕ್ಕೆ ಎಣಿಕೆ ಕೇಳಿಸುತ್ತಿತ್ತು. ಅವಳ ಗಂಟಲು ಕೆರೆಯಾಚೆಗೂ ಕೇಳುವಂಥದ್ದು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಇನ್ನೊಂದು ನೊಣ. ಮತ್ತೆ ಮೂವತ್ತು. ಏಳನೆಯದೋ ಎಂಟನೆಯದೋ ನೊಣಕ್ಕೆ ಎಣಿಕೆ ಹದಿನೇಳಕ್ಕೆ ನಿಂತುಹೋಯಿತು. ನೋಡಿದರೆ ಏಜೆಂಟರ ಕೋಲು ಬಾಗಿತ್ತು. ನೀರಿನಿಂದ ಬೆಳ್ಳಿಯ ಬಣ್ಣದ ಒಂದು ಸಣ್ಣ ಗೆಂಡೆ ಎದ್ದು ಬಂತು. ಕೋಲು ಹಿಡಿದವರಿಗಿಂತ ಮೊದಲು ಅವಳು ಅದನ್ನು ಅಂಗೈಯಲ್ಲಿ ಹಿಡಿದು, ತಾನು ಕಟ್ಟಿದ ನೊಣವನ್ನು ಅದರ ಬಾಯಿಂದ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟಳು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಮಾಲು ಪಾಸಾಗಿ ಹೋಯಿತು. ಫಾರಂ ಕೂಡ ಹೋಯಿತು, ಕ್ರಮ ಎಂಬ ಮನೆಯಲ್ಲಿ ನನ್ನನ್ನು ಸೂಪರ್‌ವೈಸರ್ ಕೆಲಸದಿಂದ ಇಳಿಸಿದ್ದಾಗಿ ಬರೆದಿತ್ತು. ಅದು ಬರಿಯ ಕಾಗದದ ಮಾತಾಗಿರಲಿಲ್ಲ. ಶಿವರಾತ್ರಿ ಮುಗಿದ ಸೋಮವಾರ ನಾನು ಖಾಲಿಯಾಗಿದ್ದ ಹದಿನಾಲ್ಕನೇ ಟೇಬಲ್ಲಿನಲ್ಲಿ ಕೂತೆ. ಅಲ್ಲಿ ಕೂರುತ್ತಿದ್ದವಳು ಈಗ ಎದುರಿಗೆ ನಿಂತು ಗರಿ ಹಂಚುತ್ತಿದ್ದಳು. ಇಂಗ್ಲಿಷ್ ಚೀಟಿಗಳನ್ನು ಓದಲು ಆಫೀಸಿನ ಹುಡುಗಿಯನ್ನು ಕರೆಯುತ್ತಿದ್ದಳು. ಹೊಟ್ಟೆ ಉರಿಯಲಿಲ್ಲ ಎಂದರೆ ನೀವು ನಂಬಬೇಡಿ.

ಸರದಿ ನನ್ನ ಟೇಬಲ್ಲಿಗೆ ಬಂತು. ಅವಳು ಕಂದು ಗರಿಯ ಕಟ್ಟನ್ನು ನನ್ನ ಮುಂದೆ ಹಾಕಿ ಅದರಿಂದ ಒಂದು ಗರಿ ಎಳೆದು ಕೊಟ್ಟಳು.

"ನೆಕ್ಕಿ ನೋಡು."

ಸುತ್ತ ಕೂತವರ ಕೈಗಳೆಲ್ಲ ನಿಂತವು. ಎಲ್ಲರೂ ನಗಲು ಕಾದಂತಿತ್ತು. ನಾನು ಗರಿಯನ್ನು ನಾಲಗೆಗೆ ಸವರಿದೆ. ಧೂಳಿನ ರುಚಿ, ಬೇರೇನೂ ಇಲ್ಲ. ಗರಿಯನ್ನು ಇಕ್ಕಳದ ಪಕ್ಕ ಇಟ್ಟು ದಾರ ಎತ್ತಿಕೊಂಡೆ. ಅವಳು ಮುಂದಿನ ಟೇಬಲ್ಲಿಗೆ ಹೋಗಲಿಲ್ಲ. ಕಟ್ಟುಗಳನ್ನು ಕಂಕುಳಲ್ಲಿ ಅವುಚಿಕೊಂಡು, ನಾನು ತಲೆಯೆತ್ತಿ ಉತ್ತರ ಕೊಡುವವರೆಗೂ ಅಲ್ಲೇ ನಿಂತಿದ್ದಳು.

"ಕಹಿ ಇಲ್ಲಕ್ಕ" ಎಂದೆ.